ಹೆಲಿಕಾಪ್ಟರ್: ಯಂತ್ರಕ್ಕಿಂತ ಮೊದಲು ಹುಟ್ಟಿದ ಪದ

ಹೆಲಿಕಾಪ್ಟರ್ ಎಂಬ ಪದವನ್ನು ಬಿಡಿಸಿ ಹೇಳಿ ಎಂದರೆ ಯಾರೇ ಆಗಲಿ ‘ಹೆಲಿ’ ಎಂದು ನಿಲ್ಲಿಸಿ ‘ಕಾಪ್ಟರ್’ ಎನ್ನುತ್ತಾರೆ. ಪದದ ಬೆಸುಗೆ ಇರುವುದು ಅಲ್ಲಲ್ಲ. ಗ್ರೀಕಿನಲ್ಲಿ ‘ಹೆಲಿಕ್ಸ್’ ಎಂದರೆ ಸುರುಳಿ. ಸಮಾಸದಲ್ಲಿ ಅದು ‘ಹೆಲಿಕೊ’ ಆಗುತ್ತದೆ. ‘ಪ್ಟೆರಾನ್’ ಎಂದರೆ ರೆಕ್ಕೆ. ಹೆಲಿಕೊ-ಪ್ಟೆರ್, ಅಂದರೆ ಸುರುಳಿರೆಕ್ಕೆ. 1861ರಲ್ಲಿ ಇವೆರಡನ್ನು ಕೂಡಿಸಿದವನು ಫ್ರಾನ್ಸಿನ ಗುಸ್ತಾವ್ ಪೊಂಟನ್ ದಾಮೆಕೂರ್. ಆವಿಯಿಂದ ತಿರುಗುವ ಪುಟ್ಟ ಮಾದರಿಯೊಂದನ್ನೂ ಅವನು ಮಾಡಿಸಿದ. ಅದು ಮೇಲೇಳಲಿಲ್ಲ, ಆದರೆ ಹೆಸರು ಉಳಿಯಿತು. ಆ ಹೆಸರಿಗೆ ತಕ್ಕ ಯಂತ್ರ ಸೈನ್ಯದ ಕೈಸೇರಲು ಎಂಟು ದಶಕ ಹಿಡಿಯಿತು.

‘ಪ್ಟೆರಾನ್’ ನಮಗೆ ಅಪರಿಚಿತವೇನಲ್ಲ. ‘ಹಾರು’ ಎಂಬರ್ಥದ ಅದೇ ಪ್ರಾಚೀನ ಮೂಲದಿಂದ ಸಂಸ್ಕೃತದ ‘ಪತತ್ರ’, ‘ಪತ್ರ’, ‘ಪತಂಗ’ಗಳು ಬಂದಿವೆ. ಹಕ್ಕಿಯ ರೆಕ್ಕೆಗಿರುವ ಹೆಸರುಗಳ ಸಾಲಿನಲ್ಲಿ ಅಮರಕೋಶ ‘ಪತ್ರ’ವನ್ನೂ ಹೇಳುತ್ತದೆ. ಬಿಲ್ವಪತ್ರೆಯ ಪತ್ರೆಯೂ ಹೆಲಿಕಾಪ್ಟರಿನ ಬಾಲದ ‘ಪ್ಟರ್’ ಕೂಡ ಒಂದೇ ಬಳ್ಳಿಯ ಕುಡಿಗಳು.

1944ರ ಏಪ್ರಿಲಿನಲ್ಲಿ ಬರ್ಮಾದ ಕಾಡಿನಲ್ಲಿ ಅಮೆರಿಕದ ಪೈಲಟ್ ಕಾರ್ಟರ್ ಹಾರ್ಮನ್, ಸಿಕೋರ್ಸ್ಕಿ ಕಂಪನಿಯ ಯಂತ್ರದಲ್ಲಿ ಜಪಾನೀ ಸೇನೆಯ ಬೆನ್ನಹಿಂದೆ ಸಿಕ್ಕಿಬಿದ್ದಿದ್ದವರನ್ನು ಎತ್ತಿತಂದ. ಮೂವರು ಗಾಯಾಳು ಬ್ರಿಟಿಷ್ ಸೈನಿಕರು, ಒಬ್ಬ ಪೈಲಟ್. ಆ ಯಂತ್ರಕ್ಕೆ ಒಂದು ಸಲಕ್ಕೆ ಒಬ್ಬನನ್ನು ಹೊರುವಷ್ಟೇ ತ್ರಾಣ. ಸೈನ್ಯದ ಹೆಲಿಕಾಪ್ಟರ್ ಹೆಸರು ಮಾಡಿದ್ದು ಮೊದಲು ಜೀವ ಉಳಿಸಿ, ಇದನ್ನು ಮರೆಯಬಾರದು.

ಕೊರಿಯಾ ಯುದ್ಧದ ಹೊತ್ತಿಗೆ ಸೈನಿಕರ ಬಾಯಲ್ಲಿ ಅದು ‘ಚಾಪರ್’ ಆಯಿತು. ವಿಯೆಟ್ನಾಮಿನಲ್ಲಿ ‘ಹ್ಯೂಯಿ’: ಎಚ್‌ಯು-1 ಎಂಬ ಸರ್ಕಾರಿ ಗುರುತನ್ನೇ ಓದಿಕೊಂಡು ಸೈನಿಕರು ಇಟ್ಟ ಹೆಸರು. ಅದರ ಅಧಿಕೃತ ಹೆಸರು ಇರೊಕ್ವಾ, ಬಳಸಿದವರು ಕಡಿಮೆ. ಮೂಲನಿವಾಸಿಗಳ ಹೆಸರನ್ನು ಹೆಲಿಕಾಪ್ಟರುಗಳಿಗೆ ಇಡುವುದು ಅಮೆರಿಕದ ಸೇನೆಯ ರೂಢಿ. ಅಪಾಚೆಗಳ ಮೇಲೆ ದಶಕಗಟ್ಟಲೆ ಯುದ್ಧ ಮಾಡಿದ ಸೇನೆಯೇ ತನ್ನ ದಾಳಿ ಹೆಲಿಕಾಪ್ಟರಿಗೆ ಅವರ ಹೆಸರಿಟ್ಟಿತು. ಅದನ್ನು ಗೌರವವೆಂದು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ರಷ್ಯನ್ನರಾದರೋ ‘ಗೆಲಿಕಾಪ್ಟೆರ್’ ಬಿಟ್ಟು, ತಿರುಗು ಮತ್ತು ಹಾರು ಎಂಬ ತಮ್ಮವೇ ಮಾತುಗಳಿಂದ ‘ವೆರ್ತಲ್ಯೋತ್’ ಎಂದು ಕಟ್ಟಿಕೊಂಡರು.

ನಮ್ಮಲ್ಲಿ ಹೆಸರಿನ ದಾರಿ ಬೇರೆ. ಫ್ರಾನ್ಸಿನ ಅಲುವೆಟ್-3 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು ‘ಚೇತಕ್’ ಆಯಿತು. ಲಾಮಾ ‘ಚೀತಾ’ ಆಯಿತು. 1984ರ ನಂತರ ಸಿಯಾಚಿನ್‌ನ ಠಾಣೆಗಳಿಗೆ ಸಾಮಾನು ಒಯ್ದು, ಹಿಮದಲ್ಲಿ ನರಳುವವರನ್ನು ಕೆಳಗಿಳಿಸಿದ್ದು ಈ ಚೀತಾಗಳೇ. ಅಷ್ಟೆತ್ತರದಲ್ಲಿ ಗಾಳಿ ತೆಳು. ರೆಕ್ಕೆಗೆ ಹಿಡಿತ ಸಿಗದು, ಎಂಜಿನ್ನಿಗೆ ಉಸಿರು ಸಾಲದು. 1999ರ ಕಾರ್ಗಿಲ್ ಯುದ್ಧದಲ್ಲಿ, ಅಂಥ ಎತ್ತರದಲ್ಲಿ ದಾಳಿ ಮಾಡಬಲ್ಲ ಹೆಲಿಕಾಪ್ಟರ್ ಇಲ್ಲದ ಕೊರತೆ ಎದ್ದು ಕಂಡಿತು. ಅದಕ್ಕೆಂದೇ ಬೆಂಗಳೂರಿನಲ್ಲಿ ರೂಪುಗೊಂಡು 2010ರಲ್ಲಿ ಮೊದಲು ಹಾರಿದ ಹಗುರ ಯುದ್ಧ ಹೆಲಿಕಾಪ್ಟರ್ 2022ರಲ್ಲಿ ‘ಪ್ರಚಂಡ’ವಾಗಿ ವಾಯುಪಡೆ ಸೇರಿತು. ಅದಕ್ಕೂ ಹಿರಿಯದಾದ ‘ಧ್ರುವ’ದ ಪ್ರದರ್ಶನ ತಂಡದ ಹೆಸರು ‘ಸಾರಂಗ್’. ಕನ್ನಡಿಗರಿಗೆ ಸಾರಂಗವೆಂದರೆ ಕಾಡಿನ ಜಿಂಕೆ. ಯಲಹಂಕದ ಬಾನಿನಲ್ಲಿ ನಾವು ಕತ್ತೆತ್ತಿ ನೋಡುವ ಸಾರಂಗ್ ಮಾತ್ರ ಸಂಸ್ಕೃತದ ನವಿಲು. ಅದರ ಮೈಮೇಲಿನ ಚಿತ್ರವೂ ನವಿಲಿನದೇ.

ತಪ್ಪಾಗಿ ಮುರಿದ ಪದವೇ ಈಗ ಹೆಚ್ಚು ದುಡಿಯುತ್ತಿದೆ. ನಮ್ಮ ಪತ್ರಿಕೆಗಳ ತಲೆಬರಹದಲ್ಲಿ ‘ಕಾಪ್ಟರ್’ ಇದೆ. ಮಂತ್ರಿಗಳು ಬರುತ್ತಾರೆಂದರೆ ಶಾಲಾ ಮೈದಾನ ‘ಹೆಲಿಪ್ಯಾಡ್’ ಆಗುತ್ತದೆ. ಇದನ್ನು ತಿದ್ದಬೇಕಿಲ್ಲ. ವಿಭಕ್ತಿ ಹಚ್ಚಿಸಿಕೊಂಡು ಹೆಲಿಕಾಪ್ಟರಿನಿಂದ, ಹೆಲಿಕಾಪ್ಟರುಗಳಲ್ಲಿ ಎಂದು ಸಲೀಸಾಗಿ ಓಡಾಡುವ ಪದ ಕನ್ನಡದ್ದೇ. ಆಗಬೇಕಾದ ಕೆಲಸ ಬೇರೆ ಇದೆ. 2023ರ ಫೆಬ್ರುವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಬೆಂಗಳೂರಿನಲ್ಲಂತೂ ಈ ಕಸುಬಿಗೆ ಆರು ದಶಕ ದಾಟಿದೆ. ಅಲ್ಲಿನ ಕನ್ನಡದ ಕೆಲಸಗಾರರು ರೋಟರಿನ ಒಂದೊಂದು ಭಾಗವನ್ನು, ಒಂದೊಂದು ಕೆಲಸವನ್ನು ಏನೆಂದು ಕರೆಯುತ್ತಾರೆಂದು ನಮ್ಮ ನಿಘಂಟುಕಾರರು ಹೋಗಿ ಕೇಳಬೇಕು, ಬರೆದಿಟ್ಟುಕೊಳ್ಳಬೇಕು.