ಸೆಪ್ಟಿಕ್ ಟ್ಯಾಂಕ್ ನೀರು ಸರೋವರ ಸೇರಿದರೆ ಏನಾಗುತ್ತದೆ? ಕೆನಡಾದ ಕಾಟೇಜ್ ಊರುಗಳು ಕಲಿತ ಪಾಠ

ಸರೋವರದ ದಡದಲ್ಲೊಂದು ಪುಟ್ಟ ಮನೆ, ಸುತ್ತ ಕಾಡು, ವಾರಾಂತ್ಯಕ್ಕೆ ಬಂದು ಹೋಗುವ ಕುಟುಂಬ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಇಂಥ ಮನೆಯನ್ನು ಕಾಟೇಜ್ ಎನ್ನುತ್ತಾರೆ. ಮಸ್ಕೋಕಾ, ಹ್ಯಾಲಿಬರ್ಟನ್, ಕವಾರ್ಥಾ ಪ್ರದೇಶಗಳ ಸರೋವರಗಳ ಸುತ್ತ ಇವು ಸಾಲುಗಟ್ಟಿ ನಿಂತಿವೆ. ಇಲ್ಲಿ ಹೆಚ್ಚಿನ ಕಡೆ ಒಳಚರಂಡಿ ಇಲ್ಲ. ಪ್ರತಿ ಮನೆಯ ಕೊಳಚೆ ನೀರು ಆ ಮನೆಯ ಅಂಗಳದಲ್ಲೇ ಶುದ್ಧವಾಗಬೇಕು. ಆ ಕೆಲಸ ಸೆಪ್ಟಿಕ್ ವ್ಯವಸ್ಥೆಯದ್ದು. ಅದು ಕೈಕೊಟ್ಟರೆ, ಯಾವ ಸರೋವರವನ್ನು ನೋಡಲು ಜನ ಅಷ್ಟು ದೂರ ಬರುತ್ತಾರೋ ಅದೇ ಸರೋವರ ಹಾಳಾಗುತ್ತದೆ.

'ಟ್ಯಾಂಕ್ ಕಟ್ಟಿಸಿದ್ದೇವೆ, ವಾಸನೆ ಬರುತ್ತಿಲ್ಲ, ಹಾಗಾಗಿ ಎಲ್ಲ ಸರಿ ಇದೆ' ಎಂಬುದು ಹಲವರ ನಂಬಿಕೆ. ಆದರೆ ಸೆಪ್ಟಿಕ್ ಟ್ಯಾಂಕ್ ಮಾಡುವುದು ಅರ್ಧ ಕೆಲಸ ಮಾತ್ರ. ಉಳಿದರ್ಧ ಮಾಡುವುದು ಮಣ್ಣು. ಅದು ಹೇಗೆ? ಇಲ್ಲಿದೆ ವಿವರ.

ಸೆಪ್ಟಿಕ್ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ?

ಶೌಚಾಲಯ, ಬಚ್ಚಲು ಮತ್ತು ಅಡುಗೆಮನೆಯ ನೀರು ಮೊದಲು ನೆಲದಡಿಯ ಟ್ಯಾಂಕ್ ಸೇರುತ್ತದೆ. ಅಲ್ಲಿ ನೀರು ನಿಧಾನವಾಗಿ ನಿಂತಾಗ ಮೂರು ಪದರಗಳಾಗುತ್ತವೆ. ಭಾರವಾದ ಕಲ್ಮಶ ತಳಕ್ಕೆ ಕೂರುತ್ತದೆ, ಅದೇ ಹೂಳು. ಎಣ್ಣೆ, ಜಿಡ್ಡು, ಸೋಪಿನ ನೊರೆ ಮೇಲೆ ಕೆನೆಯಂತೆ ತೇಲುತ್ತವೆ. ನಡುವೆ ಉಳಿಯುವ ನೀರು ಮಾತ್ರ ಹೊರಗೆ ಹರಿಯಬೇಕು. ಆಮ್ಲಜನಕವಿಲ್ಲದ ವಾತಾವರಣದಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಹೂಳಿನ ಒಂದು ಭಾಗವನ್ನು ಕರಗಿಸುತ್ತವೆ. ಉಳಿದದ್ದು ವರ್ಷದಿಂದ ವರ್ಷಕ್ಕೆ ತುಂಬುತ್ತಾ ಹೋಗುತ್ತದೆ.

ಟ್ಯಾಂಕಿನಿಂದ ಹೊರಬರುವ ನೀರು ಶುದ್ಧ ನೀರಲ್ಲ. ಅದರಲ್ಲಿ ರೋಗಾಣುಗಳು, ಸಾರಜನಕ, ರಂಜಕ ಎಲ್ಲವೂ ಇರುತ್ತವೆ. ಈ ನೀರು ತೂತುಗಳಿರುವ ಕೊಳವೆಗಳ ಮೂಲಕ ಜಲ್ಲಿ, ಮರಳು ಹಾಸಿದ ಜಾಗಕ್ಕೆ ಹರಿದು ನಿಧಾನವಾಗಿ ಮಣ್ಣಿಗೆ ಇಳಿಯುತ್ತದೆ. ಇದನ್ನು ಲೀಚಿಂಗ್ ಬೆಡ್ ಎನ್ನುತ್ತಾರೆ. ಕನ್ನಡದಲ್ಲಿ ಇಂಗುಹಾಸು ಎನ್ನಬಹುದು.

ನಿಜವಾದ ಶುದ್ಧೀಕರಣ ನಡೆಯುವುದು ಇಲ್ಲೇ. ಇಂಗುಹಾಸಿನ ಕೆಳಗಿನ ಮಣ್ಣು ಒಣಗಿದ್ದು, ಕಣಗಳ ನಡುವೆ ಗಾಳಿ ಆಡುತ್ತಿರಬೇಕು. ಆಗ ಮಣ್ಣಿನ ಸೂಕ್ಷ್ಮಜೀವಿಗಳು ಕಲ್ಮಶವನ್ನು ತಿಂದು ಮುಗಿಸುತ್ತವೆ, ರೋಗಾಣುಗಳು ಸೋಸಿಹೋಗಿ ಸಾಯುತ್ತವೆ. ರಂಜಕವು ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಖನಿಜಗಳಿಗೆ ಅಂಟಿಕೊಳ್ಳುತ್ತದೆ. ಸಾರಜನಕ ಮಾತ್ರ ನೈಟ್ರೇಟ್ ಆಗಿ ಬದಲಾಗಿ ಅಂತರ್ಜಲದ ಜೊತೆ ಸುಲಭವಾಗಿ ಮುಂದೆ ಸಾಗುತ್ತದೆ. ಬಾವಿಗಳನ್ನು ದೂರ ಇಡಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಸರೋವರಕ್ಕೆ ರಂಜಕವೇ ಏಕೆ ಅಪಾಯಕಾರಿ?

ಇದಕ್ಕೆ ಉತ್ತರ ಸಿಕ್ಕಿದ್ದು ಒಂಟಾರಿಯೊದಲ್ಲೇ. ಪ್ರಾಂತ್ಯದ ವಾಯವ್ಯ ಭಾಗದಲ್ಲಿ 1968ರಲ್ಲಿ ಆರಂಭವಾದ 'ಎಕ್ಸ್‌ಪೆರಿಮೆಂಟಲ್ ಲೇಕ್ಸ್ ಏರಿಯಾ' ಎಂಬ ಸಂಶೋಧನಾ ಪ್ರದೇಶದಲ್ಲಿ ಇಡೀ ಸರೋವರಗಳನ್ನೇ ಪ್ರಯೋಗಾಲಯವಾಗಿ ಬಳಸಲಾಗುತ್ತದೆ. 1973ರಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಅವರ ತಂಡ 226ನೇ ಸಂಖ್ಯೆಯ ಸರೋವರವನ್ನು ಪ್ಲಾಸ್ಟಿಕ್ ಪರದೆಯಿಂದ ಎರಡು ಭಾಗ ಮಾಡಿತು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ ಸೇರಿಸಲಾಯಿತು. ಇನ್ನೊಂದು ಭಾಗಕ್ಕೆ ಇವೆರಡರ ಜೊತೆ ರಂಜಕವನ್ನೂ ಸೇರಿಸಲಾಯಿತು. ರಂಜಕ ಬಿದ್ದ ಭಾಗ ಪಾಚಿಯಿಂದ ಹಸಿರುಗಟ್ಟಿತು. ಇನ್ನೊಂದು ಭಾಗ ಹಾಗಾಗಲಿಲ್ಲ. ವಿಮಾನದಿಂದ ತೆಗೆದ ಆ ಸರೋವರದ ಚಿತ್ರ ಇಂದಿಗೂ ಪಠ್ಯಪುಸ್ತಕಗಳಲ್ಲಿ ಕಾಣಸಿಗುತ್ತದೆ.

ಸರೋವರ ಕೆಡಲು ಬೇಕಾದ ರಂಜಕದ ಪ್ರಮಾಣವೂ ತೀರಾ ಕಡಿಮೆ. ಪಾಚಿಯ ಕಾಟ ತಪ್ಪಬೇಕಾದರೆ ಸರೋವರದ ನೀರಿನಲ್ಲಿ ರಂಜಕ ಲೀಟರ್‌ಗೆ 20 ಮೈಕ್ರೋಗ್ರಾಂ ಮೀರಬಾರದು ಎಂಬುದು ಒಂಟಾರಿಯೊದ ಮಾರ್ಗಸೂಚಿ. ಒಂದು ಗ್ರಾಂನ 10 ಲಕ್ಷದ ಒಂದು ಭಾಗವೇ ಒಂದು ಮೈಕ್ರೋಗ್ರಾಂ. ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರಿನಲ್ಲಿ ಇದರ ನೂರಾರು ಪಟ್ಟು ರಂಜಕ ಇರುತ್ತದೆ.

ಪಾಚಿ ಬೆಳೆದರೆ ನೋಡಲು ಚೆನ್ನಾಗಿರುವುದಿಲ್ಲ ಎಂಬುದಷ್ಟೇ ಸಮಸ್ಯೆಯಲ್ಲ. ಸತ್ತ ಪಾಚಿ ತಳ ಸೇರಿ ಕೊಳೆಯುವಾಗ ಆಳದ ನೀರಿನ ಆಮ್ಲಜನಕ ಬರಿದಾಗುತ್ತದೆ, ತಣ್ಣೀರಿನಲ್ಲಿ ಬದುಕುವ ಮೀನುಗಳಿಗೆ ಉಸಿರು ಕಟ್ಟುತ್ತದೆ. ನೀಲಿ-ಹಸಿರು ಪಾಚಿ ಎಂದು ಕರೆಯುವ ಸಯನೋಬ್ಯಾಕ್ಟೀರಿಯಾದ ಕೆಲವು ಬಗೆಗಳು ವಿಷವನ್ನೂ ಉತ್ಪಾದಿಸುತ್ತವೆ. ಆ ನೀರನ್ನು ಕುದಿಸಿದರೂ ವಿಷ ಹೋಗುವುದಿಲ್ಲ.

ರಂಜಕ ಬರುವುದು ಸೆಪ್ಟಿಕ್‌ನಿಂದ ಮಾತ್ರವಲ್ಲ. ಗೊಬ್ಬರ, ಕೊಚ್ಚಿಹೋಗುವ ಮಣ್ಣು, ಮಳೆ, ಧೂಳು ಎಲ್ಲವೂ ಅದನ್ನು ತರುತ್ತವೆ. ಆದರೆ ಹೊಲಗದ್ದೆಗಳಿಲ್ಲದ ಕಾಡಿನ ಸರೋವರಗಳಲ್ಲಿ ಮನುಷ್ಯರಿಂದ ಸೇರುವ ರಂಜಕದ ದೊಡ್ಡ ಮೂಲ ಸೆಪ್ಟಿಕ್ ವ್ಯವಸ್ಥೆಯೇ. ಹಾಗಾಗಿ ಒಂದು ಸರೋವರದ ಸುತ್ತ ಇನ್ನೆಷ್ಟು ಮನೆಗಳಿಗೆ ಜಾಗವಿದೆ ಎಂದು ಲೆಕ್ಕ ಹಾಕುವಾಗ ಒಂಟಾರಿಯೊದಲ್ಲಿ ದಡದಿಂದ 300 ಮೀಟರ್ ಒಳಗಿನ ಸೆಪ್ಟಿಕ್ ವ್ಯವಸ್ಥೆಗಳನ್ನು ಪರಿಗಣಿಸಲಾಗುತ್ತದೆ.

ಕಾಟೇಜ್‌ಗಳಲ್ಲಿ ಸಮಸ್ಯೆ ಹೆಚ್ಚೇಕೆ?

ಮೊದಲ ಕಾರಣ ನೆಲ. ಮಸ್ಕೋಕಾ, ಹ್ಯಾಲಿಬರ್ಟನ್ ಭಾಗಗಳು ಇರುವುದು 'ಕೆನೇಡಿಯನ್ ಶೀಲ್ಡ್' ಎಂಬ ಪ್ರಾಚೀನ ಶಿಲಾಪ್ರದೇಶದ ಮೇಲೆ. ಮೇಲೆ ತೆಳು ಮಣ್ಣು, ಕೆಳಗೆ ಗಟ್ಟಿ ಬಂಡೆ. ಬಂಡೆಯ ಬಿರುಕು ಸಿಕ್ಕರೆ ಕೊಳಚೆ ನೀರು ಸೋಸದೆ ನೇರ ಸರೋವರ ಸೇರಬಹುದು. ಅದಕ್ಕೇ ಎಷ್ಟೋ ಕಡೆ ಹೊರಗಿನಿಂದ ಮರಳು ತಂದು ದಿಬ್ಬದಂತೆ ಎತ್ತರಿಸಿ ಇಂಗುಹಾಸು ಮಾಡಬೇಕಾಗುತ್ತದೆ.

ಎರಡನೆಯದು ಬಳಕೆ. ಬೇಸಿಗೆಯ ಕೆಲವು ವಾರಗಳಿಗೆಂದು ಕಟ್ಟಿದ ಹಳೆಯ ಮನೆಗಳು ಈಗ ವರ್ಷಪೂರ್ತಿ ವಾಸದ ಮನೆಗಳಾಗಿವೆ, ಬಾಡಿಗೆಗೂ ಹೋಗುತ್ತಿವೆ. ನಾಲ್ಕು ಜನರಿಗೆಂದು ಮಾಡಿದ ಟ್ಯಾಂಕ್‌ಗೆ ಒಂದೇ ವಾರಾಂತ್ಯದಲ್ಲಿ ಹತ್ತು ಜನರ ಸ್ನಾನದ ನೀರು, ವಾಷಿಂಗ್ ಮೆಷಿನ್ ನೀರು ನುಗ್ಗಿದರೆ ಹೂಳು ತಳದಲ್ಲಿ ಕೂರಲು ಸಮಯವೇ ಸಿಗುವುದಿಲ್ಲ. ಅದು ಕದಡಿ ಇಂಗುಹಾಸಿಗೆ ಹೋಗಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಟ್ಯಾಂಕನ್ನು ಒಂದೇ ದಿನದಲ್ಲಿ ಖಾಲಿ ಮಾಡಿಸಬಹುದು. ಮುಚ್ಚಿಹೋದ ಇಂಗುಹಾಸನ್ನು ಸರಿಪಡಿಸಲು ಎಷ್ಟೋ ಬಾರಿ ಹೊಸದನ್ನೇ ಮಾಡಬೇಕಾಗುತ್ತದೆ.

ಮೂರನೆಯದು ಕಾಲ. ಮಣ್ಣು ರಂಜಕವನ್ನು ಹಿಡಿದಿಡುವುದಕ್ಕೂ ಮಿತಿ ಇದೆ. ಇಂದು ಅಂಗಳದಲ್ಲಿ ಇಂಗಿದ ರಂಜಕ ದಡ ತಲುಪಲು ವರ್ಷಗಳು, ಕೆಲವೊಮ್ಮೆ ದಶಕಗಳೇ ಬೇಕು. ಸರೋವರದಲ್ಲಿ ಪಾಚಿ ಕಾಣಿಸುವ ಹೊತ್ತಿಗೆ ತಪ್ಪು ನಡೆದು ಬಹಳ ಕಾಲವಾಗಿರುತ್ತದೆ.

ಅಲ್ಲಿನ ನಿಯಮಗಳೇನು?

ಒಂಟಾರಿಯೊದ ಕಟ್ಟಡ ಸಂಹಿತೆ ಪ್ರಕಾರ ಮನೆಯ ಸೆಪ್ಟಿಕ್ ಟ್ಯಾಂಕ್ ಕನಿಷ್ಠ 3,600 ಲೀಟರ್ ಇರಬೇಕು. ಟ್ಯಾಂಕ್ ಮತ್ತು ಇಂಗುಹಾಸಿನ ಕೊಳವೆಗಳು ಸರೋವರದಿಂದ ಕನಿಷ್ಠ 15 ಮೀಟರ್ ದೂರವಿರಬೇಕು. ತೋಡಿದ ಬಾವಿ ಇದ್ದರೆ ಕೊಳವೆಗಳಿಗೂ ಅದಕ್ಕೂ 30 ಮೀಟರ್ ಅಂತರ ಬೇಕು. ಸಿಮ್ಕೊ ಸರೋವರವನ್ನು ಉಳಿಸಲು 2008ರಲ್ಲಿ ಪ್ರತ್ಯೇಕ ಕಾನೂನೇ ಬಂದಿದ್ದು, ಅದರ ದಡದಿಂದ 100 ಮೀಟರ್ ಒಳಗಿನ ಸೆಪ್ಟಿಕ್ ವ್ಯವಸ್ಥೆಗಳಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯವಾಗಿದೆ.

ಮೂಲದಲ್ಲೇ ರಂಜಕ ಕಡಿಮೆ ಮಾಡುವ ಕೆಲಸವೂ ನಡೆದಿದೆ. ಮನೆಬಳಕೆಯ ಬಟ್ಟೆ ಮತ್ತು ಪಾತ್ರೆ ತೊಳೆಯುವ ಡಿಟರ್ಜೆಂಟ್‌ಗಳಲ್ಲಿ ರಂಜಕ ಶೇ 0.5 ಮೀರಬಾರದು ಎಂಬ ಕೆನಡಾದ ನಿಯಮ 2010ರ ಜುಲೈನಿಂದ ಜಾರಿಯಲ್ಲಿದೆ. 'ಲೇಕ್ ಪಾರ್ಟ್ನರ್' ಎಂಬ ಕಾರ್ಯಕ್ರಮದಡಿ ಸ್ಥಳೀಯ ಸ್ವಯಂಸೇವಕರೇ ತಮ್ಮ ಸರೋವರದ ನೀರಿನ ಮಾದರಿ ಸಂಗ್ರಹಿಸಿ ರಂಜಕದ ಪರೀಕ್ಷೆಗೆ ಕಳುಹಿಸುತ್ತಾರೆ.

ಸೆಪ್ಟಿಕ್ ಕೆಡುತ್ತಿದೆ ಎಂದು ತಿಳಿಯುವುದು ಹೇಗೆ?

* ಸಿಂಕ್, ಕಮೋಡ್‌ಗಳಲ್ಲಿ ನೀರು ನಿಧಾನವಾಗಿ ಇಳಿಯುವುದು, ಗುಳುಗುಳು ಸದ್ದು ಬರುವುದು
* ಇಂಗುಹಾಸಿನ ಮೇಲೆ ಒದ್ದೆ ನೆಲ ಅಥವಾ ಕೊಳಚೆ ವಾಸನೆ
* ಒಣ ದಿನಗಳಲ್ಲೂ ಆ ಜಾಗದಲ್ಲಿ ಮಾತ್ರ ದಟ್ಟ ಹಸಿರು ಹುಲ್ಲು
* ಬಾವಿ ನೀರಿನ ಪರೀಕ್ಷೆಯಲ್ಲಿ ಇ-ಕೋಲಿ ಬ್ಯಾಕ್ಟೀರಿಯಾ ಅಥವಾ ಹೆಚ್ಚಿನ ನೈಟ್ರೇಟ್
* ಮನೆಯ ಎದುರಿನ ದಡದಲ್ಲಿ ಮಾತ್ರ ಹೆಚ್ಚು ಪಾಚಿ

ಇವ್ಯಾವೂ ಕಾಣದಿದ್ದರೂ ಎಲ್ಲ ಸರಿ ಇದೆ ಎನ್ನುವಂತಿಲ್ಲ. ಬಿರುಕಿನ ಮೂಲಕ ನೀರು ಬೇಗ ಇಳಿದುಹೋಗುವ ಕಡೆ ಮನೆಯವರಿಗೆ ಯಾವ ತೊಂದರೆಯೂ ಗೊತ್ತಾಗುವುದಿಲ್ಲ.

ಮನೆಯವರು ಏನು ಮಾಡಬೇಕು?

* ಮೂರರಿಂದ ಐದು ವರ್ಷಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿಸಿ. ಹೂಳು ಮತ್ತು ಕೆನೆ ಟ್ಯಾಂಕಿನ ಮೂರನೇ ಒಂದು ಭಾಗ ತುಂಬಿದರೆ ತಡ ಮಾಡಬೇಡಿ
* ಅಡುಗೆ ಎಣ್ಣೆ, ವೆಟ್ ವೈಪ್ಸ್, ಸ್ಯಾನಿಟರಿ ಪ್ಯಾಡ್, ಬಣ್ಣ, ಔಷಧಗಳನ್ನು ಕೊಳವೆಗೆ ಹಾಕಬೇಡಿ
* ಬಟ್ಟೆ ಒಗೆಯುವುದನ್ನು ಒಂದೇ ದಿನಕ್ಕೆ ಇಟ್ಟುಕೊಳ್ಳದೆ ವಾರದಲ್ಲಿ ಹಂಚಿಕೊಳ್ಳಿ
* ಇಂಗುಹಾಸಿನ ಮೇಲೆ ವಾಹನ ನಿಲ್ಲಿಸುವುದು, ಮರ ನೆಡುವುದು, ಮಾಳಿಗೆ ನೀರು ಬಿಡುವುದು ಬೇಡ
* ದಡದ ಗಿಡಗಂಟಿಗಳನ್ನು ಕಡಿಯಬೇಡಿ. ಹರಿದು ಬರುವ ನೀರನ್ನು ತಡೆದು ಸೋಸುವುದು ಅವೇ

ನಮ್ಮಲ್ಲಿ ಹೇಗಿದೆ?

ಮುಂಬೈ, ಪುಣೆಯ ಕನ್ನಡಿಗರು ವಾರಾಂತ್ಯಕ್ಕೆ ಹೋಗುವ ಲೋನಾವಳ ಸಮೀಪದ ಪವನಾ ಹಿನ್ನೀರು, ಚೆನ್ನೈನವರು ಹೋಗುವ ಏರ್ಕಾಡು, ಕೊಡೈಕೆನಾಲ್, ಕೊಡಗು-ಚಿಕ್ಕಮಗಳೂರಿನ ಹೋಂಸ್ಟೇಗಳು, ಎಲ್ಲ ಕಡೆಯೂ ಪ್ರಶ್ನೆ ಇದೇ. ಪವನಾ ನೀರು ಪಿಂಪ್ರಿ-ಚಿಂಚ್‌ವಡದ ಜನರ ಕುಡಿಯುವ ನೀರು ಕೂಡ ಹೌದು. ಪಶ್ಚಿಮ ಘಟ್ಟದಲ್ಲಿ ಮಳೆಗಾಲದ ಸಮಸ್ಯೆ ಬೇರೆ. ಜೋರು ಮಳೆಗೆ ಅಂತರ್ಜಲ ಮೇಲೆ ಬಂದಾಗ ಇಂಗುಗುಂಡಿಯ ಸುತ್ತಲಿನ ಮಣ್ಣಿನಲ್ಲಿ ಗಾಳಿಗೆ ಜಾಗವೇ ಇರುವುದಿಲ್ಲ. ಆಗ ಕೊಳಚೆ ಸೋಸದೆ ಹೊರಬರುತ್ತದೆ.

ಸೆಪ್ಟಿಕ್ ಟ್ಯಾಂಕ್ ಹೇಗಿರಬೇಕು ಎಂಬುದಕ್ಕೆ ಭಾರತದಲ್ಲಿ ಐಎಸ್ 2470 ಎಂಬ ಮಾನದಂಡ ಇದೆ. ಟ್ಯಾಂಕ್ ನಂತರದ ನೀರನ್ನು ಏನು ಮಾಡಬೇಕು ಎಂಬುದನ್ನು ಅದರ ಎರಡನೇ ಭಾಗ ಹೇಳುತ್ತದೆ. ಆದರೂ ಟ್ಯಾಂಕಿನ ನೀರನ್ನು ನೇರ ಚರಂಡಿಗೆ, ಹಳ್ಳಕ್ಕೆ ಬಿಡುವುದು, ತಳಕ್ಕೆ ಕಾಂಕ್ರೀಟ್ ಇಲ್ಲದ ಗುಂಡಿಯನ್ನೇ ಸೆಪ್ಟಿಕ್ ಟ್ಯಾಂಕ್ ಎಂದು ಕರೆಯುವುದು ಸಾಮಾನ್ಯ. ತೆಗೆದ ಹೂಳು ಎಲ್ಲಿಗೆ ಹೋಗುತ್ತದೆ ಎಂಬುದೂ ಮುಖ್ಯ. ಟ್ಯಾಂಕರ್ ಅದನ್ನು ಹಳ್ಳದ ಬದಿಗೆ ಸುರಿದರೆ ಟ್ಯಾಂಕ್ ಖಾಲಿ ಮಾಡಿಸಿಯೂ ಪ್ರಯೋಜನವಿಲ್ಲ. ಈ ಹೂಳಿನ ಸಂಸ್ಕರಣೆಗೆಂದೇ ಬೆಂಗಳೂರು ಬಳಿಯ ದೇವನಹಳ್ಳಿಯಲ್ಲಿ 2015ರಲ್ಲಿ ಘಟಕ ಆರಂಭವಾಯಿತು. ಕೇಂದ್ರ ಸರ್ಕಾರ 2017ರಲ್ಲಿ ರಾಷ್ಟ್ರೀಯ ನೀತಿ ಪ್ರಕಟಿಸಿತು. ಸುರಕ್ಷತಾ ಸಾಧನವಿಲ್ಲದೆ ಮನುಷ್ಯರನ್ನು ಟ್ಯಾಂಕಿನೊಳಗೆ ಇಳಿಸುವುದು 2013ರ ಕಾಯ್ದೆಯಡಿ ಅಪರಾಧ. ವಿಷಾನಿಲದಿಂದ ಪ್ರಾಣವೇ ಹೋಗುತ್ತದೆ. ಈ ಕೆಲಸಕ್ಕೆ ಯಂತ್ರವನ್ನೇ ಬಳಸಬೇಕು.

ಕೆರೆ ಅಥವಾ ಹಿನ್ನೀರಿನ ಬಳಿ ಜಾಗ ಕೊಳ್ಳುವವರು, ಮನೆ ಕಟ್ಟಿಸುವವರು, ಹೋಂಸ್ಟೇ ನಡೆಸುವವರು ಮೂರು ವಿಷಯ ತಿಳಿದುಕೊಂಡರೆ ಒಳ್ಳೆಯದು. ಟ್ಯಾಂಕಿನಿಂದ ಹೊರಬಿದ್ದ ನೀರು ಎಲ್ಲಿ ಇಂಗುತ್ತದೆ? ಆ ಜಾಗಕ್ಕೂ ನೀರಿನ ಅಂಚಿಗೂ ಎಷ್ಟು ದೂರ? ಟ್ಯಾಂಕ್ ಕೊನೆಯ ಬಾರಿ ಖಾಲಿಯಾಗಿದ್ದು ಯಾವಾಗ, ಆ ಹೂಳು ಹೋಗಿದ್ದು ಎಲ್ಲಿಗೆ? ಇವಕ್ಕೆ ಉತ್ತರ ಸಿಗದಿದ್ದರೆ ಮುಚ್ಚಳ ತೆಗೆಸಿ ಒಮ್ಮೆ ಪರೀಕ್ಷೆ ಮಾಡಿಸುವುದು ಸೂಕ್ತ.