ಕ್ಯಾವೆಂಡಿಷನ ಮೌನ, ಡೊನಾಲ್ಡನ ಮೌನ

ಲಂಡನ್ ನಗರದ ಸೋಹೋ ಚೌಕದಲ್ಲಿದ್ದ ಸರ್ ಜೋಸೆಫ್ ಬ್ಯಾಂಕ್ಸನ ಮನೆಯು ಹದಿನೆಂಟನೆಯ ಶತಮಾನದ ಕಡೆಯ ಭಾಗದಲ್ಲಿ ವಿಜ್ಞಾನಿಗಳ ಚಾವಡಿಯಂತಿದ್ದಿತು. ಭಾನುವಾರದ ಸಂಜೆ ಅಲ್ಲಿ ನೆರೆಯುತ್ತಿದ್ದವರಲ್ಲಿ ಹೆನ್ರಿ ಕ್ಯಾವೆಂಡಿಷನೂ ಒಬ್ಬನು. ಒಂದು ಸಂಜೆ ಆತನು ಕಿಕ್ಕಿರಿದ ಕೋಣೆಯಲ್ಲಿ ಪರಿಚಿತನೊಬ್ಬನೊಡನೆ ಮಾತನಾಡುತ್ತ ನಿಂತಿರಲು, ಡಾಕ್ಟರ್ ಇಂಗೆನ್‌ಹೌಸನು ಆಸ್ಟ್ರಿಯ ದೇಶದ ಗೃಹಸ್ಥನೊಬ್ಬನನ್ನು ಕರೆತಂದು, ಅವನ ಬಿರುದುಬಾವಲಿಗಳನ್ನೆಲ್ಲ ವಿಸ್ತರಿಸಿ ಹೇಳಿ ಪರಿಚಯ ಮಾಡಿಸಿದನು. ಆ ಅತಿಥಿಯೂ, ಇಂತಹ ಮಹನೀಯನನ್ನು ಕಾಣುವುದಕ್ಕಾಗಿಯೇ ತಾನು ಲಂಡನಿಗೆ ಬಂದುದೆಂದು ಹೊಗಳತೊಡಗಿದನು. ಕ್ಯಾವೆಂಡಿಷನು ಒಂದು ಮಾತನ್ನೂ ಆಡಲಿಲ್ಲ. ಕಣ್ಣುಗಳನ್ನು ನೆಲದಲ್ಲಿ ನೆಟ್ಟು, ಗರಬಡಿದವನಂತೆ ನಿಂತುಬಿಟ್ಟನು. ಕಡೆಗೆ ಗುಂಪಿನ ನಡುವೆ ಒಂದು ಸಂದು ಕಾಣಲು, ಅದರೊಳಗಿಂದ ನುಸುಳಿ ಓಡಿ, ತನ್ನ ಗಾಡಿಯನ್ನು ಸೇರುವವರೆಗೂ ನಿಲ್ಲದೆ, ನೆಟ್ಟಗೆ ಮನೆಗೆ ಹೊರಟುಹೋದನು.

ರಸಾಯನಶಾಸ್ತ್ರದ ಚರಿತ್ರಕಾರನಾದ ಥಾಮಸ್ ಥಾಮ್ಸನನು ಬರೆದಿಟ್ಟ ಈ ಪ್ರಸಂಗವನ್ನು ವಿನೋದಕ್ಕಾಗಿ ಹೇಳುವ ವಾಡಿಕೆಯುಂಟು. ನಗೆ ಬರುವುದು ಆ ಓಟಕ್ಕೆ. ವಿಚಾರಕ್ಕೆ ಯೋಗ್ಯವಾದುದು ಓಟಕ್ಕೆ ಮುಂಚಿನ ಆ ನಿಲುವು.

ವೈದ್ಯರು ಆಟಿಸಂ ಎಂದು ಕರೆಯುವ, ಕನ್ನಡದಲ್ಲಿ ಸ್ವಲೀನತೆಯೆಂದು ಹೆಸರು ಪಡೆದಿರುವ ಪ್ರಕೃತಿಯು ಹುಟ್ಟಿನಿಂದ ಬಂದುದು. ಕಾಯಿಲೆಯಂತೆ ನಡುವೆ ತಗುಲಿದುದಲ್ಲ. ಇಂತಹವರಿಗೆ ಸದ್ದು, ಬೆಳಕು, ಜನಸಂದಣಿ, ಒಮ್ಮೆಗೇ ಮೇಲೆ ಬೀಳುವ ಮಾತು, ಇವೆಲ್ಲ ಸಹನೆಯ ಎಲ್ಲೆಯನ್ನು ಮೀರಿದಾಗ ಎರಡು ಬಗೆಯ ಪರಿಣಾಮವಾಗಬಹುದು. ಕೆಲವರು ಕೂಗಿ, ಅತ್ತು, ಕೈಕಾಲು ಬಡಿದು ಸಿಡಿದೇಳುವರು. ಇದಕ್ಕೆ ಮೆಲ್ಟ್‌ಡೌನ್ ಎನ್ನುತ್ತಾರೆ. ಮತ್ತೆ ಕೆಲವರು ಒಳಗೇ ಮುಚ್ಚಿಕೊಳ್ಳುವರು. ನಾಲಿಗೆ ಏಳದು, ಕಿವಿಗೆ ಬಿದ್ದ ಮಾತಿನ ಅರ್ಥ ಹತ್ತದು, ಎದ್ದುಹೋಗಬೇಕೆಂದರೂ ಕಾಲು ಬಾರದು. ಇದಕ್ಕೆ ಶಟ್‌ಡೌನ್ ಎಂದು ಹೆಸರು. ಒಬ್ಬನಲ್ಲಿಯೇ ಎರಡೂ ತೋರುವುದುಂಟು. ಎರಡೂ ಬೇಕೆಂದು ಮಾಡಿದುವಲ್ಲ; ಎರಡರಲ್ಲಿಯೂ ಒಳಗಿನ ಸಂಕಟವು ಒಂದೇ. ಆದರೆ ಮೊದಲನೆಯದು ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ, ಎರಡನೆಯದು ಯಾರನ್ನೂ ಎಬ್ಬಿಸುವುದಿಲ್ಲ. ಈ ಮಾತುಗಳು ಪ್ರಚಾರಕ್ಕೆ ಬಂದುದೂ ಹೆಚ್ಚಾಗಿ, ಸ್ವಲೀನರಾದವರೇ ತಮ್ಮ ಅನುಭವವನ್ನು ಬರೆದು ಹೇಳತೊಡಗಿದ ಮೇಲೆಯೇ. ಗರಬಡಿಯಿತೆಂಬ ಕನ್ನಡದ ನುಡಿಗಟ್ಟು ಇಂತಹ ನಿಲುವನ್ನು ಗ್ರಹದ ಕಾಟವೆಂದು ಬಗೆದಿತ್ತು. ಕಾರಣ ತಪ್ಪಾದರೂ, ಸಿಕ್ಕಿಬಿದ್ದವನ ಮೇಲೆ ಅದು ದೋಷವನ್ನು ಹೊರಿಸಲಿಲ್ಲ.

ಕ್ಯಾವೆಂಡಿಷನ ಸಮಕಾಲೀನರು ಅಷ್ಟು ಉದಾರಿಗಳಾಗಿರಲಿಲ್ಲ. ಆತನು ಹುಟ್ಟಿದುದು 1731ರಲ್ಲಿ. ಎರಡು ವರ್ಷದ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಳು. ಕೇಂಬ್ರಿಡ್ಜಿನಲ್ಲಿ ಓದಿ, ಪದವಿಯನ್ನು ತೆಗೆದುಕೊಳ್ಳದೆಯೇ ಹೊರಬಿದ್ದನು. ಜಲಜನಕವು ಪ್ರತ್ಯೇಕವಾದ ಅನಿಲವೆಂದು 1766ರಲ್ಲಿ ತೋರಿಸಿಕೊಟ್ಟವನು ಈತನೇ. 1798ರಲ್ಲಿ ಭೂಮಿಯ ಸಾಂದ್ರತೆಯು ನೀರಿನದಕ್ಕಿಂತ 5.48 ಪಾಲೆಂದು ಪ್ರಕಟಿಸಿದನು. ಇಂದಿನ ಲೆಕ್ಕವು 5.51. ಆ ಪ್ರಯೋಗದಲ್ಲಿ ಸೀಸದ ಗುಂಡುಗಳ ತಕ್ಕಡಿಯನ್ನು ಮುಚ್ಚಿದ ಕೋಣೆಯಲ್ಲಿರಿಸಿ, ಒಳಗೆ ಮನುಷ್ಯನೊಬ್ಬನಿದ್ದರೆ ಅವನ ಮೈಯ ಬಿಸಿಯಿಂದಲೇ ಗಾಳಿಯು ಕದಲೀತೆಂದು ಹೊರಗಿನಿಂದ ದೂರದರ್ಶಕದ ಮೂಲಕ ನೋಡಿದನು.

ಇಂತಹವನು ಮನೆಯಲ್ಲಿ ಊಟಕ್ಕೆ ಏನು ಬೇಕೆಂಬುದನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡುತ್ತಿದ್ದನು. ಒಮ್ಮೆ ಮೆಟ್ಟಿಲ ಮೇಲೆ ಪೊರಕೆ ಹಿಡಿದ ಕೆಲಸದವಳು ಎದುರಾದಳೆಂದು, ಹಿಂಬದಿಯಲ್ಲಿ ಬೇರೊಂದು ಮೆಟ್ಟಿಲ ಸಾಲನ್ನು ಕಟ್ಟಿಸಿದನು. ಎಂಬತ್ತರ ಹತ್ತಿರದವರೆಗೆ ಬದುಕಿದವರಲ್ಲಿ ಇಷ್ಟು ಕಡಮೆ ಮಾತನಾಡಿದವರು ಇನ್ನಿಲ್ಲವೆಂದು ಲಾರ್ಡ್ ಬ್ರೂಮನು ಬರೆದನು. 1851ರಲ್ಲಿ ಆತನ ಚರಿತ್ರೆಯನ್ನು ರಚಿಸಿದ ಜಾರ್ಜ್ ವಿಲ್ಸನನಂತೂ ಇಲ್ಲಗಳ ಒಂದು ಪಟ್ಟಿಯನ್ನೇ ಮಾಡಿ, ರಾಗದ್ವೇಷಗಳಿಲ್ಲದ, ಕೇವಲ ಬುದ್ಧಿಮಾತ್ರನಾದ ಪುರುಷನೆಂದು ತೀರ್ಮಾನಿಸಿಬಿಟ್ಟನು.

ಈ ತೀರ್ಮಾನವು ನಿಲ್ಲತಕ್ಕದ್ದಲ್ಲ. ಜನರ ಸಹವಾಸವೇ ಬೇಡವಾಗಿದ್ದವನು ರಾಯಲ್ ಸೊಸೈಟಿಯ ಕೂಟದ ಗುರುವಾರದ ಭೋಜನಕ್ಕೆ ದಶಕಗಳ ಕಾಲ ತಪ್ಪದೆ ಹೋಗುತ್ತಿದ್ದನೇ? ತನ್ನ ಪುಸ್ತಕಭಂಡಾರವನ್ನು ವಿದ್ವಾಂಸರಿಗೆ ತೆರೆದಿಟ್ಟು, ತಾನು ಒಂದು ಪುಸ್ತಕವನ್ನು ತೆಗೆದುಕೊಂಡಾಗಲೂ ಅಲ್ಲಿನ ವಹಿಯಲ್ಲಿ ಬರೆದಿಡುತ್ತಿದ್ದನೇ? ಸ್ನೇಹಕ್ಕೆ ಆತನು ಹೊರಗಾಗಿರಲಿಲ್ಲ. ಮೇಲೆ ಬಿದ್ದು ಬರುವ ಸ್ನೇಹವನ್ನು ತಾಳಲಾರದವನಾಗಿದ್ದನು. ಇದನ್ನು ಅರಿತವನು ವೊಲಾಸ್ಟನ್ ಒಬ್ಬನೇ ಎನ್ನಬಹುದು. ಕ್ಯಾವೆಂಡಿಷನೊಡನೆ ಮಾತನಾಡಬೇಕಾದರೆ ಆತನ ಮುಖವನ್ನು ನೋಡದೆ, ಬಯಲಿಗೆ ಹೇಳುವವರಂತೆ ಹೇಳಿದರೆ, ಆತನು ತಾನಾಗಿಯೇ ಬಾಯಿ ತೆರೆದಾನೆಂದು ಅವನು ಗೆಳೆಯರಿಗೆ ಉಪಾಯ ಹೇಳಿಕೊಟ್ಟಿದ್ದನು. ಶಾಸ್ತ್ರವು ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ದೊರೆತ ಚಿಕಿತ್ಸೆಯಿದು.

ಕ್ಯಾವೆಂಡಿಷನು ಸ್ವಲೀನನಾಗಿದ್ದಿರಬಹುದೆಂಬ ಊಹೆಯನ್ನು 2001ರಲ್ಲಿ ವೈದ್ಯನಾದ ಆಲಿವರ್ ಸ್ಯಾಕ್ಸನು ಮುಂದಿಟ್ಟನು. ಸತ್ತವರ ನಾಡಿಯನ್ನು ಹಿಡಿದು ನೋಡುವಂತಿಲ್ಲವಾದುದರಿಂದ ಅದು ಊಹೆಯೇ ಸರಿ. ಆದರೆ ಆತನ ನಡತೆಯನ್ನು ಗರ್ವವೆಂದೂ ಜನದ್ವೇಷವೆಂದೂ ಬಗೆದುದಕ್ಕಿಂತ ಈ ಊಹೆಯು ದಾಖಲೆಗಳಿಗೆ ಹತ್ತಿರವಾಗಿದೆ.

ಒಂದು ಮಾತನ್ನು ಮರೆಯಬಾರದು. 1810ರಲ್ಲಿ ತೀರಿಕೊಂಡಾಗ ಕ್ಯಾವೆಂಡಿಷನ ಆಸ್ತಿಯು ಹತ್ತು ಲಕ್ಷ ಪೌಂಡುಗಳಷ್ಟಿದ್ದಿತು. ಎರಡನೆಯ ಮೆಟ್ಟಿಲ ಸಾಲನ್ನು ಕಟ್ಟಿಸಬಲ್ಲವನ ಮೌನವು ವೈಚಿತ್ರ್ಯವೆನಿಸಿಕೊಂಡಿತು. ಅಂತಹ ಅಧಿಕಾರವಿಲ್ಲದವನ ಮೌನವು, ಅದರಲ್ಲಿಯೂ ಮಗುವೊಂದರ ಮೌನವು, ಏನೆನಿಸಿಕೊಳ್ಳುತ್ತಿದ್ದಿತೆಂಬುದನ್ನು ಅಮೆರಿಕದ ಒಂದು ವೃತ್ತಾಂತದಿಂದ ತಿಳಿಯಬಹುದು.

1943ರಲ್ಲಿ ಬಾಲ್ಟಿಮೋರಿನ ವೈದ್ಯನಾದ ಲಿಯೋ ಕ್ಯಾನರನು ಹನ್ನೊಂದು ಮಕ್ಕಳ ವಿಷಯವಾಗಿ ಬರೆದ ಪ್ರಬಂಧದಿಂದ ಸ್ವಲೀನತೆಯು ವೈದ್ಯಲೋಕದಲ್ಲಿ ಪ್ರಸಿದ್ಧವಾಯಿತು. ಇದಕ್ಕೆ ಮುಂಚೆ, 1925ರಲ್ಲಿ, ರಷ್ಯದ ಗ್ರೂನ್ಯಾ ಸುಖರೇವಾ ಎಂಬಾಕೆಯು ಇಂತಹ ಮಕ್ಕಳನ್ನು ವರ್ಣಿಸಿದ್ದುದು ಬಹುಕಾಲ ಮರೆವಿಗೆ ಸಂದಿದ್ದಿತು. ಕ್ಯಾನರನ ಹನ್ನೊಂದು ಮಂದಿಯಲ್ಲಿ ಮೊದಲನೆಯವನು ಮಿಸಿಸಿಪಿ ಸಂಸ್ಥಾನದ ಫಾರೆಸ್ಟ್ ಎಂಬ ಊರಿನ ಡೊನಾಲ್ಡ್ ಟ್ರಿಪ್ಲೆಟ್. 1937ರಲ್ಲಿ, ನಾಲ್ಕು ವರ್ಷ ತುಂಬುವ ಮುನ್ನವೇ, ಸ್ಥಳ ಬದಲಾದರೆ ಒಳಿತಾದೀತೆಂದು ಈ ಹುಡುಗನನ್ನು ಮಕ್ಕಳ ಆರೋಗ್ಯಧಾಮವೊಂದರಲ್ಲಿ ಬಿಟ್ಟರು. ಅಲ್ಲಿ ಅವನು ಯಾವುದಕ್ಕೂ ಗಮನ ಕೊಡದೆ, ಅಲುಗಾಡದೆ ಕುಳಿತಿರತೊಡಗಿದನು. ಮರುವರ್ಷ ತಂದೆತಾಯಿಗಳು ಕರೆದುಕೊಂಡು ಹೋಗಲು ಬಂದಾಗ, ಹುಡುಗನು ಈಗ ಚೆನ್ನಾಗಿಯೇ ಇದ್ದಾನೆ, ಅವನ ಪಾಡಿಗೆ ಅವನನ್ನು ಬಿಡಿರೆಂದು ಅಲ್ಲಿನ ಮುಖ್ಯಸ್ಥನು ಸಲಹೆ ಕೊಟ್ಟನು.

ಚೆನ್ನಾಗಿದ್ದಾನೆಂಬ ಈ ಮಾತನ್ನು ಆಡಿದವನು ಕ್ರೂರಿಯಾಗಿರಬೇಕಾಗಿಲ್ಲ. ಕೂಗದ ಮಗು, ಬೀಳದ ಪಾತ್ರೆ, ಕೆಡದ ನಿದ್ರೆ. ನೋಡಿಕೊಳ್ಳುವವರಿಗೆ ಇದು ನೆಮ್ಮದಿಯಾಗಿ ಕಾಣುವುದು ಸಹಜ. ಆ ದಿನಗಳೇ ಹುಡುಗನ ಅತಿ ಕೆಟ್ಟ ಕಾಲವೆಂದು ಕ್ಯಾನರನು ಮುಂದೆ ಬರೆದನು. ಮಗುವು ರಂಪ ಮಾಡಿದ್ದರೆ ಪ್ರಾಯಶಃ ಯಾರಾದರೂ ಬೇಗನೆ ಬರುತ್ತಿದ್ದರು.

ತಂದೆತಾಯಿಗಳು ಸಲಹೆಯನ್ನು ಕೇಳಲಿಲ್ಲ. ವಕೀಲನಾಗಿದ್ದ ತಂದೆಯು ಮಗನ ನಡೆನುಡಿಗಳನ್ನು 33 ಪುಟಗಳಲ್ಲಿ ಕ್ಯಾನರನಿಗೆ ಬರೆದು ಕಳುಹಿಸಿ, 1938ರ ಅಕ್ಟೋಬರಿನಲ್ಲಿ ಅವನನ್ನು ಬಾಲ್ಟಿಮೋರಿಗೆ ಕರೆದೊಯ್ದನು. ಒಂಬತ್ತನೆಯ ವಯಸ್ಸಿನಲ್ಲಿ ಡೊನಾಲ್ಡನನ್ನು ಮಕ್ಕಳಿಲ್ಲದ ಬೇಸಾಯಗಾರ ದಂಪತಿಗಳ ಮನೆಯಲ್ಲಿರಿಸಿದರು. ಹುಡುಗನಿಗೆ ಎಣಿಸುವ, ಅಳೆಯುವ ಚಟ. ಅವರು ಅದನ್ನು ಬಿಡಿಸಹೋಗದೆ, ಬಾವಿಯನ್ನು ತೋಡಿ ಅದರ ಆಳವನ್ನು ಅಳೆಯಲು ಬಿಟ್ಟರು. ಜೋಳದ ಸಾಲುಗಳನ್ನು ಎಣಿಸುತ್ತ ಎಣಿಸುತ್ತ ಉಳುವುದನ್ನು ಕಲಿಸಿದರು. 1945ರಲ್ಲಿ ಅಲ್ಲಿಗೆ ಹೋಗಿ ನೋಡಿದ ಕ್ಯಾನರನು ಆ ರೈತರ ವಿವೇಕಕ್ಕೆ ಬೆರಗಾದನು. 1971ರಲ್ಲಿ ಆತನು ಹನ್ನೊಂದು ಮಂದಿಯ ಗತಿಯನ್ನು ಮತ್ತೆ ವಿಚಾರಿಸಿದಾಗ, ಸರ್ಕಾರದ ದೊಡ್ಡ ಆಸ್ಪತ್ರೆಗಳಲ್ಲಿ ಉಳಿದವರು ಇದ್ದ ಶಕ್ತಿಯನ್ನೂ ಕಳೆದುಕೊಂಡು ಮೂಲೆ ಸೇರಿದ್ದರು. ಡೊನಾಲ್ಡನು ಅಷ್ಟರಲ್ಲಿ ಕಾಲೇಜಿನ ಪದವಿಯನ್ನು ಪಡೆದು, ತನ್ನ ಊರಿನ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದನು. ಅವನು 2023ರವರೆಗೆ ಬದುಕಿದ್ದು, ತನ್ನ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು.