ತಬ್ರೀಜಿನ ಕುಂಚ, ವಿಜಾಪುರದ ಬಣ್ಣ

ಮೊಗಲರ ಚಿತ್ರಕಲೆಯೆಂದೊಡನೆ ದೆಹಲಿ, ಆಗ್ರಾ, ಫತೇಪುರ ಸಿಕ್ರಿಗಳು ನಮ್ಮ ನೆನಪಿಗೆ ಬರುತ್ತವೆ. ವಿಜಾಪುರವೆಂದರೆ ಗೋಳಗುಮ್ಮಟವಷ್ಟೆ. ಕನ್ನಡನಾಡಿನ ಆ ರಾಜಧಾನಿಯಲ್ಲಿಯೂ ಅದೇ ಕಾಲದಲ್ಲಿ ಚಿತ್ರಕಲೆಯೊಂದು ಬೆಳೆದಿತ್ತೆಂಬುದನ್ನು ಬಲ್ಲವರು ವಿರಳ. ಬಲ್ಲವರಲ್ಲಿಯೂ ಅನೇಕರು ಅದನ್ನು ಮೊಗಲ್ ಮರದ ಒಂದು ಕೊಂಬೆಯೆಂದೇ ಎಣಿಸುತ್ತಾರೆ. ಈ ಎಣಿಕೆಯು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಮೊದಲು ಮೊಗಲರ ಕಥೆಯನ್ನೇ ನೋಡೋಣ. 1540ರಲ್ಲಿ ಷೇರ್ ಷಾಹನಿಗೆ ಸೋತು ರಾಜ್ಯಭ್ರಷ್ಟನಾದ ಹುಮಾಯೂನನು 1544ರಲ್ಲಿ ಪಾರಸೀಕ ದೊರೆ ತಹಮಾಸ್ಪನ ಆಶ್ರಯಕ್ಕೆ ಹೋದನು. ತಹಮಾಸ್ಪನು ಯೌವನದಲ್ಲಿ ಚಿತ್ರಗಳೆಂದರೆ ಪ್ರಾಣಬಿಡುತ್ತಿದ್ದವನು. ತಾನೇ ಕುಂಚ ಹಿಡಿದಿದ್ದವನು. ವಯಸ್ಸು ಏರಿದಂತೆ ಆಚಾರನಿಷ್ಠೆ ಬಲಿತು, ಕಲೆಯಲ್ಲಿ ವಿರಕ್ತನಾದನು. ಅವನ ವೈರಾಗ್ಯವು ನಮ್ಮ ದೇಶಕ್ಕೆ ಭಾಗ್ಯವಾಯಿತು. ಮೀರ್ ಸಯ್ಯದ್ ಅಲಿ, ಅಬ್ದುಸ್ಸಮದ್ ಎಂಬ ಇಬ್ಬರು ಆಚಾರ್ಯರು 1549ರಲ್ಲಿ ಕಾಬೂಲಿಗೆ ಬಂದು ಹುಮಾಯೂನನ ಸೇವೆಗೆ ಸೇರಿದರು. ಬಾಲಕ ಅಕ್ಬರನಿಗೂ ಚಿತ್ರ ಬರೆಯುವುದನ್ನು ಕಲಿಸಿದರು.

ಅಕ್ಬರನು ಪಟ್ಟಕ್ಕೆ ಬಂದ ಮೇಲೆ ಬಟ್ಟೆಯ ಮೇಲೆ ಬರೆಯಿಸಿದ ಹಂಜನಾಮಾ ಗ್ರಂಥದಲ್ಲಿ 14 ಸಂಪುಟಗಳು, ಸುಮಾರು 1400 ಚಿತ್ರಗಳು. ಅದಕ್ಕೆ ಹದಿನೈದು ವರ್ಷಗಳಷ್ಟು ಕಾಲ ಹಿಡಿಯಿತು. ಇಬ್ಬರ ಕೈಯಿಂದ ಆಗುವ ಕೆಲಸವೆ? ಗುರುಗಳು ಪಾರಸೀಕರು, ಬರೆದ ಕೈಗಳು ಬಹುಮಟ್ಟಿಗೆ ಈ ನೆಲದವು. ಪಲ್ಲಕ್ಕಿ ಹೊರುವವನೊಬ್ಬನ ಮಗನಾದ ದಸವಂತನು ಅಬ್ದುಸ್ಸಮದನ ಶಿಷ್ಯನಾಗಿ ಮಹಾಚಿತ್ರಕಾರನಾದುದನ್ನು ಅಬುಲ್ ಫಜಲನು ಬರೆದಿಟ್ಟಿದ್ದಾನೆ. ಪಾರಸೀಕರ ಚಿತ್ರವು ರತ್ನಗಂಬಳಿಯಂತೆ: ನಯ, ನುಣುಪು, ಚಲನೆ ಕಡಿಮೆ. ಆ ನಯಕ್ಕೆ ಮೈಕಟ್ಟನ್ನೂ ಓಟವನ್ನೂ ಕೊಟ್ಟವರು ದಸವಂತ, ಬಸಾವನರಂಥವರು.

ಇನ್ನು ದಕ್ಷಿಣದ ಮಾತು. ಇಲ್ಲಿಗೆ ಪಾರಸೀಕರು ಬರಲು ದೆಹಲಿಯ ದಾರಿ ಬೇಕಿರಲಿಲ್ಲ. ದಾಭೋಳದಂತಹ ಪಡುಗಡಲ ರೇವುಗಳಲ್ಲಿ ಇಳಿದು, ಘಟ್ಟ ಹತ್ತಿ, ಕವಿಗಳೂ ಲಿಪಿಕಾರರೂ ವಿದ್ವಾಂಸರೂ ವಿಜಾಪುರಕ್ಕೆ ಬರುತ್ತಿದ್ದರು. ಒಂದನೆಯ ಅಲಿ ಆದಿಲ್ ಷಾಹನ ಆಳ್ವಿಕೆಯಲ್ಲಿ, 1570ರಲ್ಲಿ, ನುಜೂಮ್ ಉಲ್ ಉಲೂಮ್ ಎಂಬ ಸಚಿತ್ರಗ್ರಂಥವು ಸಿದ್ಧವಾಯಿತು. ಗ್ರಹಗಳು, ಮಂತ್ರತಂತ್ರಗಳು, ಆಯುಧಗಳು, ಆನೆಕುದುರೆಗಳು, ದೇವತೆಗಳು ಎಲ್ಲವೂ ಅದರಲ್ಲಿವೆ. ಲೇಪಾಕ್ಷಿಯ ಛಾವಣಿಯ ಚಿತ್ರಗಳನ್ನು ಕಂಡವರಿಗೆ ಅದರ ಸೀರೆಯುಟ್ಟ ನೀಳದೇಹದ ಸ್ತ್ರೀಯರು ಅಪರಿಚಿತರೆನಿಸರು. ಅಕ್ಬರನ ಹಂಜನಾಮಾ ಆಗಿನ್ನೂ ಮುಗಿದಿರಲಿಲ್ಲ. ಹೀಗಿರುವಾಗ ಕೊಂಬೆ ಯಾವುದು, ಬುಡ ಯಾವುದು?

ಎರಡನೆಯ ಇಬ್ರಾಹಿಮನ ಕಾಲದಲ್ಲಿ (1580–1627) ಈ ಕಲೆಯು ಶಿಖರಕ್ಕೇರಿತು. ಫರ್ರೂಖ್ ಬೇಗನೆಂಬ ಪಾರಸೀಕ ಚಿತ್ರಕಾರನು 1585ರಲ್ಲಿ ಅಕ್ಬರನ ಆಸ್ಥಾನವನ್ನು ಸೇರಿದ್ದನು. 1600ರ ಸುಮಾರಿಗೆ ಅವನು ವಿಜಾಪುರಕ್ಕೆ ಬಂದು ಕೆಲವು ವರ್ಷ ಇದ್ದನೆಂದು ವಿದ್ವಾಂಸರು ಚಿತ್ರಗಳ ಆಧಾರದಿಂದ ಹೇಳುತ್ತಾರೆ. 1609ರಲ್ಲಿ ಜಹಾಂಗೀರನು ಅವನಿಗೆ 2000 ರೂಪಾಯಿಗಳನ್ನು ಕೊಟ್ಟುದನ್ನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅಂದರೆ ವಿಜಾಪುರದ ಬಣ್ಣದ ರುಚಿಯೂ ಉತ್ತರಕ್ಕೆ ಪಯಣಿಸಿತು. ಪಯಣಿಸಿದ್ದು ಅದೊಂದೇ ಅಲ್ಲ. ಅಕ್ಬರನ ರಾಯಭಾರಿ ಅಸದ್ ಬೇಗನು ಹೊಗೆಸೊಪ್ಪನ್ನು ವಿಜಾಪುರದಲ್ಲಿ ಮೊದಲು ಕಂಡು, 1604ರ ಸುಮಾರಿನಲ್ಲಿ ಚಕ್ರವರ್ತಿಗೆ ಕೊಂಡೊಯ್ದನು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆಯ ಬೇಸಾಯಗಾರರು ಇದನ್ನು ಕೇಳಿ ನಗಬಹುದು!

ಇಬ್ರಾಹಿಮನು ಸಂಗೀತಪ್ರಿಯನು. ಅವನು ದಖನಿಯಲ್ಲಿ ರಚಿಸಿದ ಕಿತಾಬೆ ನವರಸದಲ್ಲಿ ಸರಸ್ವತಿಯ ಸ್ತುತಿಯುಂಟು. ತನ್ನ ತಂಬೂರಿಗೆ ಮೋತಿಖಾನನೆಂದೂ ಆನೆಗೆ ಆತಶಖಾನನೆಂದೂ ಅವನು ಹೆಸರಿಟ್ಟಿದ್ದನು. ದೊರೆಯು ತಂಬೂರಿ ನುಡಿಸುತ್ತಿರುವ ಚಿತ್ರವನ್ನೂ, ಆನೆಯೇರಿದ ಚಿತ್ರವನ್ನೂ ಫರ್ರೂಖನು ಬರೆದಿದ್ದಾನೆ. ಇಬ್ರಾಹಿಮನ ಕೆಲವು ಭಾವಚಿತ್ರಗಳಲ್ಲಿ ಕೊರಳ ರುದ್ರಾಕ್ಷಮಾಲೆಯು ಕಾಣುತ್ತದೆ. ಕುಂಚ ಪಾರಸೀಕ, ಕಂಡ ಲೋಕ ನಮ್ಮದು.

1686ರಲ್ಲಿ ವಿಜಾಪುರವು ಔರಂಗಜೇಬನ ವಶವಾಯಿತು. ಆಮೇಲೆ ಚಿತ್ರಗಳು ಕೈಯಿಂದ ಕೈಗೆ ಹೋಗಿ ಚದುರಿದವು. ತಂಬೂರಿಯ ದೊರೆ ಇಂದು ಪ್ರಾಗ್ ನಗರದಲ್ಲಿದ್ದಾನೆ. ನುಜೂಮ್ ಗ್ರಂಥವು ಡಬ್ಲಿನ್ನಿನಲ್ಲಿದೆ. ಪುಟದ ಚಿತ್ರಗಳನ್ನು ಒಯ್ಯಬಹುದು, ಗೋಡೆಯ ಚಿತ್ರಗಳನ್ನು ಒಯ್ಯುವುದು ಸುಲಭವಲ್ಲ. ವಿಜಾಪುರದ ಪೂರ್ವಕ್ಕೆ ಸುಮಾರು ಹತ್ತು ಮೈಲಿಗಳ ದೂರದ ಕುಮಟಗಿಯಲ್ಲಿ, ಸುಲ್ತಾನರ ಜಲವಿಹಾರದ ಮಂಟಪದ ಗೋಡೆಗಳ ಮೇಲೆ ಕುದುರೆಯ ಚೆಂಡಾಟವೂ ಮಲ್ಲಯುದ್ಧವೂ ಚಿತ್ರಿತವಾಗಿವೆ. ಮಳೆಗಾಳಿಗಳಿಗೂ ನೋಡಬಂದವರ ಉಗುರುಗಳಿಗೂ ಸಿಕ್ಕಿ ಅವುಗಳ ಬಣ್ಣವು ಬಹುಪಾಲು ಮಾಸಿಹೋಗಿದೆ.